ಅಪರೂಪಕ್ಕೆ ಬರೆಯುವವರಿಗೆ ಮೊದಲ ಜಾಗ

ನಾವು ಆರಿಸಿಕೊಂಡ ಬ್ಲಾಗ್‌ಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ತೋರಿಸುವ ತಂತ್ರಾಂಶವೇ ಫೀಡ್ ರೀಡರ್. ನನ್ನದರಲ್ಲಿ ಈಗ 140 ಬ್ಲಾಗ್‌ಗಳಿವೆ. ದಿನಕ್ಕೆ ನನಗೆ ಸಿಗುವುದು ಅರ್ಧ ಗಂಟೆ. ಆದರೂ ಇಷ್ಟದ ಬರಹಗಳು ಈಗ ತಪ್ಪಿಹೋಗುವುದಿಲ್ಲ. ಫೋಲ್ಡರ್‌ಗಳನ್ನು ಜೋಡಿಸುವ ರೀತಿ ಬದಲಿಸಿದ್ದೇ ಅದಕ್ಕೆ ಕಾರಣ.

ಮೊದಲು ವಿಷಯ ನೋಡಿ ಜೋಡಿಸಿದ್ದೆ. ವಿಜ್ಞಾನ ಒಂದು ಕಡೆ, ಸಾಹಿತ್ಯ ಇನ್ನೊಂದು ಕಡೆ. ದಿನಕ್ಕೆ ಇಪ್ಪತ್ತು ಸುದ್ದಿ ಹಾಕುವ ತಾಣವೂ ಮೂರು ತಿಂಗಳಿಗೊಮ್ಮೆ ಬರೆಯುವ ಬ್ಲಾಗೂ ಅಕ್ಕಪಕ್ಕದಲ್ಲೇ ಇದ್ದವು. ಒಂದು ವಾರ ಬಿಟ್ಟು ತೆರೆದರೆ ಓದದೆ ಉಳಿದದ್ದು ಸಾವಿರ ದಾಟಿರುತ್ತಿತ್ತು. ಒಮ್ಮೆ ಬೇಸತ್ತು ಎಲ್ಲವನ್ನೂ ಓದಿದ್ದಾಗಿದೆ ಎಂದು ಗುರುತು ಹಾಕಿಬಿಟ್ಟೆ. ನಾನು ತುಂಬಾ ಮೆಚ್ಚುವ ಒಬ್ಬರು ಎಂಟು ತಿಂಗಳ ನಂತರ ಬರೆದ ಉದ್ದನೆಯ ಬರಹವೂ ಅದರಲ್ಲಿ ಕೊಚ್ಚಿಹೋಯಿತು. ಅದು ನನಗೆ ಗೊತ್ತಾಗಿದ್ದು ಮರುವರ್ಷ. ನಿಜಕ್ಕೂ ನೋವಾಯಿತು.

ಅಂದಿನಿಂದ ನಾನು ನೋಡುವುದು ಒಬ್ಬರು ಎಷ್ಟು ದಿನಕ್ಕೊಮ್ಮೆ ಬರೆಯುತ್ತಾರೆ ಎಂಬುದನ್ನು. ‘ಅಪರೂಪ’, ‘ವಾರಕ್ಕೊಂದು’, ‘ಹೊಳೆ’ ಎಂದು ಮೂರೇ ಫೋಲ್ಡರ್. ಓದುವುದು ಇದೇ ಕ್ರಮದಲ್ಲಿ. ಅಪರೂಪದ್ದರಲ್ಲಿ ದಿನಕ್ಕೆ ಒಂದೋ ಎರಡೋ ಬರಹ ಇರುತ್ತವೆ, ಅವನ್ನು ಪೂರ್ತಿ ಓದುತ್ತೇನೆ. ಹೊಳೆಯಲ್ಲಿ ತಲೆಬರಹಗಳ ಮೇಲೆ ಕಣ್ಣಾಡಿಸಿ, ಸಮಯ ಮುಗಿದರೆ ಉಳಿದದ್ದನ್ನು ಅಳಿಸುತ್ತೇನೆ. ಹೊಳೆ ಹರಿದುಹೋದರೆ ನಷ್ಟವಿಲ್ಲ, ನಾಳೆ ಮತ್ತೆ ನೀರು ಬರುತ್ತದೆ ಅಲ್ವಾ?

ಸುಮ್ಮನಾಗಿರುವ ಬ್ಲಾಗ್‌ಗಳನ್ನು ನಾನು ತೆಗೆಯುವುದಿಲ್ಲ. ಫೀಡ್ ಎಂದರೆ ಬ್ಲಾಗ್ ತಾಣದಲ್ಲೇ ಇರುವ ಒಂದು ಚಿಕ್ಕ ಫೈಲ್. ರೀಡರ್ ಆಗಾಗ ಹೋಗಿ ಅದರಲ್ಲಿ ಹೊಸದೇನಾದರೂ ಇದೆಯೇ ಎಂದು ನೋಡಿಕೊಂಡು ಬರುತ್ತದೆ. ಏನೂ ಇಲ್ಲದಿದ್ದರೆ ನನ್ನ ಕಣ್ಣಿಗೆ ಏನೂ ಬೀಳುವುದಿಲ್ಲ, ಹಾಗಾಗಿ ಕಾಯುವುದಕ್ಕೆ ಖರ್ಚೇ ಇಲ್ಲ. ನಾಲ್ಕು ವರ್ಷ ಮೌನವಾಗಿದ್ದ ಒಂದು ಬ್ಲಾಗ್ ಹೀಗೇ ಒಂದು ಬೆಳಿಗ್ಗೆ ಎದ್ದು ಬಂತು. ಆ ದಿನ ಬೇರೇನೂ ಓದಲಿಲ್ಲ. ನಾನು ತೆಗೆದುಹಾಕುವುದು ಜಾಸ್ತಿ ಬರೆಯುವವರನ್ನು. ಒಂದು ತಿಂಗಳು ಒಂದನ್ನೂ ತೆರೆಯಲಿಲ್ಲ ಎಂದರೆ ಆ ಫೀಡ್ ನನಗೆ ಬೇಡ ಎಂದೇ ಅರ್ಥ.

ಎಷ್ಟೋ ತಾಣಗಳಲ್ಲಿ ಫೀಡ್‌ನ ಗುರುತು ಕಾಣಿಸುವುದಿಲ್ಲ. ಬ್ಲಾಗ್‌ನ ವಿಳಾಸವನ್ನೇ ರೀಡರ್‌ಗೆ ಕೊಟ್ಟು ನೋಡಿ, ಹೆಚ್ಚಿನ ಸಲ ಅದೇ ಹುಡುಕಿಕೊಳ್ಳುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ. ಅಧಿಸೂಚನೆ ಮಾತ್ರ ಪೂರ್ತಿ ಬಂದ್ ಮಾಡಿಟ್ಟಿದ್ದೇನೆ.

ಇನ್ನೊಂದು ಅಭ್ಯಾಸ ಕಲಿತಿದ್ದು 2013ರಲ್ಲಿ. ಆ ವರ್ಷ ಜುಲೈ 1ಕ್ಕೆ ಗೂಗಲ್ ರೀಡರ್ ನಿಂತಿತು. ಮಾರ್ಚ್‌ನಲ್ಲೇ ತಿಳಿಸಿದ್ದರಿಂದ ನನ್ನ ಪಟ್ಟಿಯನ್ನು ಒಪಿಎಂಎಲ್ ಎಂಬ, ಫೀಡ್‌ಗಳ ಪಟ್ಟಿ ಸಾಗಿಸಲು ಬಳಸುವ ಫೈಲ್ ಆಗಿ ಇಳಿಸಿಕೊಂಡು ಬೇರೆ ರೀಡರ್‌ಗೆ ಹಾಕಿದೆ. ಈಗಲೂ ಪ್ರತಿ ತಿಂಗಳು ಆ ಫೈಲ್‌ನ ಒಂದು ಪ್ರತಿ ಇಳಿಸಿಡುತ್ತೇನೆ. ಫೀಡ್ಲಿ, ಇನೋರೀಡರ್, ಫ್ರೆಶ್‌ಆರ್‌ಎಸ್‌ಎಸ್‌ನಂಥ ರೀಡರ್‌ಗಳೆಲ್ಲವೂ ಅದನ್ನು ತೆಗೆದುಕೊಳ್ಳುತ್ತವೆ. ಆದರೆ ಅದರಲ್ಲಿ ಬರುವುದು ಬ್ಲಾಗ್‌ಗಳ ವಿಳಾಸ ಮತ್ತು ಫೋಲ್ಡರ್ ಮಾತ್ರ. ನಾವು ನಕ್ಷತ್ರ ಹಾಕಿಟ್ಟ ಬರಹಗಳು ಬರುವುದಿಲ್ಲ. ಅದಕ್ಕೇ, ಮತ್ತೆ ಓದಬೇಕು ಅನಿಸಿದ ಬರಹವನ್ನು ಆಗಲೇ ನನ್ನ ಕಂಪ್ಯೂಟರ್‌ನಲ್ಲಿ ಉಳಿಸಿಡುತ್ತೇನೆ, ಬರೆದವರ ಹೆಸರು ಮತ್ತು ದಿನಾಂಕದ ಜೊತೆಗೆ.