ಮೇಡನ್ ಕ್ಯಾಸಲ್: ಹುಲ್ಲಿನಡಿಯ ಕೋಟೆಯನ್ನು ಗುರುತಿಸುವ ಬಗೆ

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ, ಡಾರ್‌ಚೆಸ್ಟರ್ ಪಟ್ಟಣದ ನೈಋತ್ಯಕ್ಕಿರುವ ಗುಡ್ಡದ ಮೇಲೆ ಮೇಡನ್ ಕ್ಯಾಸಲ್ ಎಂಬ ಕಬ್ಬಿಣಯುಗದ ಮಣ್ಣಿನ ಕೋಟೆ ಇದೆ. ಕಲ್ಲಿನ ಗೋಡೆ, ಬುರುಜು ಇಲ್ಲಿ ಸಿಗುವುದಿಲ್ಲ. ಇರುವುದು ಹುಲ್ಲು ಮುಚ್ಚಿದ ದಿಬ್ಬಗಳು, ಅವುಗಳ ನಡುವೆ ಆಳವಾದ ಕಂದಕಗಳು. ಹಾಗಾಗಿ ಯಾವ ಬೆಳಕಿನಲ್ಲಿ ನೋಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಜೂನ್ ಮಧ್ಯಾಹ್ನ ಅಲ್ಲಿ ಸೂರ್ಯ ದಿಗಂತದಿಂದ ಸುಮಾರು 63 ಡಿಗ್ರಿ ಮೇಲಿರುತ್ತಾನೆ. ನೆರಳು ಕುಗ್ಗಿ, ತಗ್ಗಾದ ಗುರುತುಗಳೆಲ್ಲ ಅಳಿಸಿದಂತಾಗುತ್ತವೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿಗೂ 16 ಡಿಗ್ರಿ ದಾಟುವುದಿಲ್ಲ, ದಕ್ಷಿಣದಿಂದ ಓರೆಯಾಗಿ ಬೀಳುವ ಬಿಸಿಲಿಗೆ ನೆರಳು ಉದ್ದವಾಗುತ್ತದೆ. ಕೋಟೆ ಪೂರ್ವ–ಪಶ್ಚಿಮವಾಗಿ ಉದ್ದಕ್ಕಿರುವುದರಿಂದ ಅದರ ಉದ್ದನೆಯ ದಿಬ್ಬಗಳನ್ನು ಚಳಿಗಾಲದ ಮಧ್ಯಾಹ್ನವೇ ನೋಡಬೇಕು. ಅಡ್ಡಕ್ಕೆ, ಅಂದರೆ ಉತ್ತರ–ದಕ್ಷಿಣವಾಗಿ ಹಾಯುವ ಗುರುತುಗಳಿಗೆ ಬೆಳಗಿನ ಅಥವಾ ಸಂಜೆಯ ಬಿಸಿಲೇ ಆಗಬೇಕು. ಹೊರಡುವ ಮುನ್ನ ಮನೆಯಲ್ಲೇ ಲೈಡಾರ್ ನಕ್ಷೆ (ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರುತಗ್ಗು ಅಳೆದು ಮಾಡಿದ್ದು) ನೋಡಿ. ಎನ್ವಿರಾನ್‌ಮೆಂಟ್ ಏಜೆನ್ಸಿ (ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆ) ಇದರ ದತ್ತಾಂಶವನ್ನು ಉಚಿತವಾಗಿ ಕೊಡುತ್ತದೆ. ಅದರಿಂದ ಕಂಪ್ಯೂಟರಿನಲ್ಲಿ ಕೃತಕ ಬೆಳಕು ಹಾಯಿಸಿ ಮಾಡುವ ನೆರಳುನಕ್ಷೆಯನ್ನು ಒಂದೇ ದಿಕ್ಕಿನ ಬೆಳಕಿನಲ್ಲಿ ತಯಾರಿಸಬೇಡಿ. ಬೆಳಕಿಗೆ ಸಮಾನಾಂತರವಾದ ದಿಬ್ಬ ಕಾಣದೇ ಹೋಗುತ್ತದೆ. ಕನಿಷ್ಠ ಮೂರು ದಿಕ್ಕು ಬದಲಿಸಿ, ಬೆಳಕಿನ ಕೋನವನ್ನು 45ರಿಂದ 20 ಡಿಗ್ರಿಗೆ ಇಳಿಸಿ.

ಪಶ್ಚಿಮದ ಬಾಗಿಲಿನಿಂದ ಒಳಗೆ ಹೋಗುವಾಗ ಅವಸರ ಬೇಡ. ದಾರಿ ನೇರವಾಗಿಲ್ಲ. ದಿಬ್ಬಗಳ ನಡುವೆ ತಿರುಗಿ ತಿರುಗಿ ಸಾಗುತ್ತದೆ, ಬಂದವರ ಎರಡೂ ಬದಿಗೆ ಎತ್ತರದ ನೆಲವಿರುತ್ತದೆ. ಪ್ರತಿ ತಿರುವಿನಲ್ಲೂ ನಿಂತು ಮೇಲಿನಿಂದ ಯಾರು ಕವಣೆ ಬೀಸಬಹುದಿತ್ತು ಎಂದು ನೋಡಿ. ಬಾಗಿಲಿನ ರಚನೆ ಆಗಲೇ ಅರ್ಥವಾಗುವುದು.

ಒಳಗೆ ಪೂರ್ವಕ್ಕೆ ನಡೆದರೆ, ಕೋಟೆಯ ನಡುವೆ ತಗ್ಗಾದ ಏರು ಅಡ್ಡ ಹಾಯುತ್ತದೆ. ಹೆಚ್ಚಿನವರು ಗಮನಿಸದೇ ದಾಟಿಬಿಡುವ ಈ ಏರೇ ನನ್ನ ಮಟ್ಟಿಗೆ ಇಡೀ ಗುಡ್ಡದ ಮುಖ್ಯ ಸಾಕ್ಷ್ಯ. ಕ್ರಿ.ಪೂ. 600ರ ಸುಮಾರಿನ ಮೊದಲ ಕೋಟೆ ಇಲ್ಲಿಗೇ ಮುಗಿಯುತ್ತಿತ್ತು, ವಿಸ್ತಾರ 6.4 ಹೆಕ್ಟೇರ್. ಕ್ರಿ.ಪೂ. 450ರ ಹೊತ್ತಿಗೆ ಪಶ್ಚಿಮಕ್ಕೆ ಚಾಚಿ 19 ಹೆಕ್ಟೇರ್ ಆಯಿತು. ಪೂರ್ವಾರ್ಧದಲ್ಲಿ ಕಾಣುವ ಚೌಕಾಕಾರದ ಕಲ್ಲಿನ ತಳಪಾಯ ಕೋಟೆಯದ್ದಲ್ಲ, ಕ್ರಿ.ಶ. 4ನೆಯ ಶತಮಾನದ ರೋಮನ್ ಕಾಲದ ದೇಗುಲದ್ದು.

ಪೂರ್ವದ ಬಾಗಿಲಿನ ಬಳಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1934–37ರಲ್ಲಿ ಉತ್ಖನನ ನಡೆಸಿದರು. ನೆಲವನ್ನು ಚೌಕಗಳಾಗಿ ವಿಂಗಡಿಸಿ, ನಡುವೆ ಮಣ್ಣಿನ ಗೋಡೆ ಉಳಿಸಿ ಅಗೆಯುವ, ಇಲ್ಲಿ ಪಳಗಿಸಿಕೊಂಡ ಕ್ರಮವನ್ನೇ ಅವರು 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೂ ತಂದರು. ಮೇಡನ್ ಕ್ಯಾಸಲ್‌ನಲ್ಲಿ 20,000ಕ್ಕೂ ಹೆಚ್ಚು ಕವಣೆಕಲ್ಲುಗಳು, ಗಾಯದ ಗುರುತಿರುವ ಅಸ್ಥಿಪಂಜರಗಳು ಸಿಕ್ಕವು. ರೋಮನ್ನರ ಒಂದೇ ದಾಳಿಯಲ್ಲಿ ಸತ್ತವರು ಇವರೆಂದು ವೀಲರ್ ಬರೆದರು. ಹಳೆಯ ಪುಸ್ತಕಗಳಲ್ಲಿ ಇದನ್ನು ಓದಿದ್ದರೆ ನಂಬಬೇಡಿ. 2025ರಲ್ಲಿ ಪ್ರಕಟವಾದ, ಆ ಮೂಳೆಗಳ ರೇಡಿಯೋಕಾರ್ಬನ್ ಕಾಲಗಣನೆಯಂತೆ ಆ ಸಾವುಗಳು ಹಲವು ದಶಕಗಳಲ್ಲಿ ಹರಡಿವೆ.

ದಿಬ್ಬದ ಮೇಲೆ ನೇರಕ್ಕೆ ಹತ್ತಬೇಡಿ. ಹುಲ್ಲು ಕಿತ್ತು ಸೀಮೆಸುಣ್ಣದ ಬಿಳಿ ಕಲ್ಲು ಹೊರಬಂದರೆ ಮಳೆನೀರು ಅದೇ ಜಾಡು ಹಿಡಿದು ಕೊರೆಯುತ್ತದೆ. ಒದ್ದೆಯಾದಾಗ ಕಾಲೂ ಜಾರುತ್ತದೆ. ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಬಳಸುವುದು ಬ್ರಿಟನ್ನಿನ 1979ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ಅಪರಾಧ. ಕುರಿಗಳು ಮೇಯುತ್ತಿರುತ್ತವೆ, ನಾಯಿಯನ್ನು ಹಗ್ಗದಲ್ಲೇ ಹಿಡಿದುಕೊಳ್ಳಿ.