ಟೆಕ್ಸಾಸಲ್ಲಿ ಎಲ್‌ಪಿಸಿ (ಲೈಸೆನ್ಸ್ಡ್ ಪ್ರೊಫೆಷನಲ್ ಕೌನ್ಸೆಲರ್) ಲೈಸೆನ್ಸ್ ತಗೊಂಡ ನನ್ನ ಅನುಭವ

ಡಲ್ಲಾಸ್ ಕಡೆ ನಮ್ಮ ಕನ್ನಡದವ್ರು ಯಾರಾದ್ರೂ ಕೌನ್ಸೆಲಿಂಗ್ ಫೀಲ್ಡಿಗೆ ಬರ್ಬೇಕು ಅಂದ್ಕೊಂಡ್ರೆ ನನ್ನನ್ನ ಮೊದ್ಲು ಕೇಳೋದೇ "ಅಕ್ಕ, ಎಕ್ಸಾಮ್ ತುಂಬ ಕಷ್ಟನಾ?" ಅಂತ. ಎಕ್ಸಾಮ್ ವಿಷ್ಯ ಹೇಳ್ತೀನಿ, ಆದ್ರೆ ನನ್ ಪ್ರಕಾರ ಅದು ಇದ್ರಲ್ಲಿ ಚಿಕ್ಕ ಭಾಗ. ಡಿಗ್ರಿ ಆದ್ಮೇಲೆ 3000 ಗಂಟೆ ಕೆಲ್ಸ ಮಾಡ್ಬೇಕಲ್ಲ, ಅದನ್ನ ಯಾರ ಕೈಕೆಳಗೆ ಮಾಡ್ತೀರ ಅನ್ನೋದೇ ಎಲ್ಲಕ್ಕಿಂತ ಮುಖ್ಯ.

ನಾನು ಮೈಸೂರಲ್ಲಿ ಸೈಕಾಲಜಿ ಎಂಎ ಮಾಡಿದ್ದೆ, ಮದ್ವೆ ಆಗಿ ಎಚ್-4 ವೀಸಾದಲ್ಲಿ (ಎಚ್-1ಬಿ ಇರೋರ ಹೆಂಡ್ತಿಗೋ ಗಂಡಂಗೋ ಕೊಡೋದು) ಬಂದೆ. ಟೆಕ್ಸಾಸ್ ಕೇಳೋದು ಕೌನ್ಸೆಲಿಂಗಲ್ಲೇ 60 ಕ್ರೆಡಿಟ್‌ನ ಮಾಸ್ಟರ್ಸ್, ಅದ್ರೊಳಗೆ 300 ಗಂಟೆ ಪ್ರಾಕ್ಟಿಕಮ್ (ಓದ್ತಿರುವಾಗಲೇ ಮಾಡೋ ಪ್ರಾಯೋಗಿಕ ತರಬೇತಿ), ಅದ್ರಲ್ಲಿ 100 ಗಂಟೆ ಕ್ಲೈಂಟ್ ಜೊತೆ ನೇರವಾಗಿ ಕೂತಿರ್ಬೇಕು. ನಮ್ ಎಂಎನಲ್ಲಿ ಥಿಯರಿ ಚೆನ್ನಾಗಿತ್ತು, ಸೂಪರ್ವೈಸ್ಡ್ ಪ್ರಾಕ್ಟಿಕಮ್ ಅನ್ನೋದೇ ಇರ್ಲಿಲ್ಲ, ಹಂಗಾಗಿ ಇಲ್ಲಿ ಮತ್ತೆ ಮಾಸ್ಟರ್ಸಿಗೆ ಸೇರ್ಕೊಂಡೆ (ಎಚ್-4ನಲ್ಲಿ ಓದೋಕೆ ತೊಂದ್ರೆ ಇಲ್ಲ, ಕೆಲ್ಸಕ್ಕೆ ಮಾತ್ರ ಇಎಡಿ ಅನ್ನೋ ವರ್ಕ್ ಪರ್ಮಿಟ್ ಬೇಕು, ನಮ್ ಯಜಮಾನ್ರ ಐ-140 ಅನ್ನೋ ಗ್ರೀನ್ ಕಾರ್ಡ್ ಅರ್ಜಿ ಅಪ್ರೂವ್ ಆಗಿದ್ರಿಂದ ನಂಗೆ ಓದು ಮುಗಿಯೋದ್ರೊಳಗೆ ಸಿಕ್ತು). ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಬರೋರು ಒಂದ್ ಲೆಕ್ಕ ಮೊದ್ಲೇ ಹಾಕ್ಕೊಳ್ಳಿ, ಒಪಿಟಿ (ಓದಿದ್ಮೇಲೆ ಕೆಲ್ಸ ಮಾಡೋಕೆ ಸಿಗೋ ಅನುಮತಿ) ಇರೋದು ಒಂದ್ ವರ್ಷ, ಅಸೋಸಿಯೇಟ್ ಆಗಿ (ಫುಲ್ ಲೈಸೆನ್ಸಿಗೆ ಮುಂಚೆ ಸೂಪರ್ವೈಸರ್ ಕೈಕೆಳಗೆ ಕೆಲ್ಸ ಮಾಡೋ ಹಂತ) ಕಮ್ಮಿ ಅಂದ್ರೂ 18 ತಿಂಗ್ಳು ಮಾಡ್ಬೇಕು. ಮತ್ತೆ ಸಿಎಸಿಆರ್‌ಇಪಿ (ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಪ್ರೋಗ್ರಾಮೇ ತಗೊಳ್ಳಿ, ಅಲ್ಲಿ 100 ಗಂಟೆ ಪ್ರಾಕ್ಟಿಕಮ್ ಆದ್ಮೇಲೆ 600 ಗಂಟೆ ಇಂಟರ್ನ್‌ಶಿಪ್ ಇರುತ್ತೆ, ಟೆಕ್ಸಾಸ್ ಕೇಳೋದಕ್ಕಿಂತ ಜಾಸ್ತಿನೇ, ನಾಳೆ ಗಂಡನ ಕೆಲ್ಸ ಬೇರೆ ಸ್ಟೇಟಿಗೆ ಹೋದ್ರೆ ಅದೇ ಕೈ ಹಿಡಿಯೋದು.

ನಾನು ಬರೆದ ಎಕ್ಸಾಮ್ ಎನ್‌ಸಿಇ (ನ್ಯಾಷನಲ್ ಕೌನ್ಸೆಲರ್ ಎಕ್ಸಾಮಿನೇಷನ್). 200 ಪ್ರಶ್ನೆ, ಅದ್ರಲ್ಲಿ 160ಕ್ಕೆ ಮಾತ್ರ ಮಾರ್ಕ್ಸು, ಯಾವ 40ಕ್ಕೆ ಇಲ್ಲ ಅಂತ ಗೊತ್ತಾಗಲ್ಲ, ಆದ್ರಿಂದ ವಿಚಿತ್ರ ಪ್ರಶ್ನೆ ಬಂದ್ರೆ ಗಾಬರಿ ಬೀಳ್ದೆ ಮುಂದಕ್ಕೆ ಹೋಗ್ತಿರಿ. ನಮ್ ಕಡೆ ಸೈಕಾಲಜಿ ಓದಿ ಬಂದವ್ರಿಗೆ ರಿಸರ್ಚು, ಸ್ಟಾಟಿಸ್ಟಿಕ್ಸು, ಡೆವಲಪ್‌ಮೆಂಟು ಸುಲಭ, ಗ್ರೂಪ್ ವರ್ಕು ಕೆರಿಯರ್ ಕೌನ್ಸೆಲಿಂಗು ಹೊಸದಾಗಿ ಕೂತು ಓದ್ಬೇಕು. ಇದಲ್ದೆ ಟೆಕ್ಸಾಸಿಂದೇ ಜ್ಯೂರಿಸ್‌ಪ್ರುಡೆನ್ಸ್ ಎಕ್ಸಾಮ್ ಅಂತ ಒಂದಿದೆ, ಇಲ್ಲಿನ ಕಾನೂನು ನಿಯಮಗಳ ಬಗ್ಗೆ, ಆನ್‌ಲೈನಲ್ಲೇ ಬರೆಯೋದು, ಅದನ್ನ ಸುಮ್ನೆ ಮುಗಿಸ್ಬೇಡಿ. ಎಲ್ಲಾ ಪುಸ್ತಕದಲ್ಲೂ ಟರಾಸಾಫ್ ಕೇಸ್ ಬರುತ್ತೆ, 1969ರಲ್ಲಿ ಬರ್ಕ್ಲಿಯಲ್ಲಿ ಓದ್ತಿದ್ದ ನಮ್ ದೇಶದ್ದೇ ಒಬ್ಬ ಹುಡ್ಗ ತನ್ನ ಥೆರಪಿಸ್ಟಿಗೆ ಮೊದ್ಲೇ ಹೇಳಿ ಆಮೇಲೆ ಒಂದ್ ಹುಡ್ಗಿನ ಕೊಂದ, ಅದ್ರ ಮೇಲೆ 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಅಪಾಯದಲ್ಲಿರೋರನ್ನ ಕಾಪಾಡೋ ಜವಾಬ್ದಾರಿ ಥೆರಪಿಸ್ಟಿಗೂ ಇದೆ ಅಂತು. ಆದ್ರೆ ಟೆಕ್ಸಾಸ್ ಸುಪ್ರೀಂ ಕೋರ್ಟು 1999ರಲ್ಲಿ ಅದನ್ನ ಒಪ್ಲಿಲ್ಲ, ಇಲ್ಲಿ ಪೊಲೀಸಿಗೋ ಮೆಡಿಕಲ್‌ನವ್ರಿಗೋ ತಿಳ್ಸೋಕೆ ಕಾನೂನಿನ ಅನುಮತಿ ಇದೆ ಅಷ್ಟೇ. ರಾತ್ರಿ ಹತ್ತು ಗಂಟೆಗೆ ಕ್ಲೈಂಟ್ ಮೆಸೇಜ್ ಮಾಡ್ದಾಗ ಯಾರಿಗೆ ಫೋನ್ ಮಾಡ್ಬಹುದು, ಯಾರಿಗೆ ಮಾಡೋ ಹಾಗಿಲ್ಲ ಅನ್ನೋದು ಇದ್ರ ಮೇಲೆ ನಿಂತಿದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಅಪ್ಲಿಕೇಶನ್ ಬಿಎಚ್‌ಇಸಿಗೆ (ಟೆಕ್ಸಾಸಲ್ಲಿ ಈ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ) ಹೋಗುತ್ತೆ. ಟ್ರಾನ್ಸ್‌ಕ್ರಿಪ್ಟು, ಪ್ರಾಕ್ಟಿಕಮ್ ಫಾರ್ಮು, ಫಿಂಗರ್‌ಪ್ರಿಂಟು, ಎನ್‌ಪಿಡಿಬಿ ರಿಪೋರ್ಟು (ನಿಮ್ ಮೇಲೆ ವೃತ್ತಿ ಸಂಬಂಧದ ಶಿಸ್ತು ಕ್ರಮ ಏನಾದ್ರೂ ಆಗಿದ್ಯಾ ಅಂತ ತೋರ್ಸೋ ದಾಖಲೆ), ಸೂಪರ್ವೈಸರ್ ಒಪ್ಪಿಗೆ. ಎಲ್ಲಾ ಆದ್ಮೇಲೆ ಸಿಗೋದು ಎಲ್‌ಪಿಸಿ ಅಸೋಸಿಯೇಟ್.

ಇಲ್ಲಿಂದಾನೇ ನಿಜವಾದ ಕೆಲ್ಸ ಶುರು. 3000 ಗಂಟೆಯಲ್ಲಿ 1500 ಕ್ಲೈಂಟ್ ಎದ್ರುಗೇ ಆಗ್ಬೇಕು. ನೋಟ್ಸ್ ಬರ್ದಿದ್ದು, ಫೋನಲ್ಲಿ ಅಪಾಯಿಂಟ್‌ಮೆಂಟ್ ಕೊಟ್ಟಿದ್ದು, ಮೀಟಿಂಗು, ಇವೆಲ್ಲ ಉಳಿದ ಅರ್ಧಕ್ಕೆ. ಕ್ಲೈಂಟ್ ಬರ್ಲಿಲ್ಲ ಅಂದ್ರೆ ಆ ಗಂಟೆ ಡೈರೆಕ್ಟಿಗೆ ಸೇರಲ್ಲ, ಸ್ಕೂಲ್ ರಜಾ ಬಂದ್ರೆ ಅರ್ಧ ಜನ ಊರಿಗೆ ಹೋಗಿರ್ತಾರೆ. ಜೊತೆಗೆ ಹೆಚ್ಚಿನ ಇನ್ಶೂರೆನ್ಸ್ ಕಂಪನಿಗಳು ಅಸೋಸಿಯೇಟನ್ನ ಪ್ಯಾನೆಲಿಗೆ ತಗೊಳ್ಳಲ್ಲ, ಅಂದ್ರೆ ನಿಮ್ ಕ್ಲೈಂಟ್ ಕೈಯಿಂದ ದುಡ್ಡು ಕೊಡ್ಬೇಕು. ಇದಕ್ಕೇ ನಾನು ಪ್ರೈವೇಟ್ ಪ್ರಾಕ್ಟೀಸ್ ಕಡೆ ಹೋಗ್ದೆ ಒಂದು ನಾನ್‌ಪ್ರಾಫಿಟ್ ಕ್ಲಿನಿಕ್ ಹಿಡ್ದೆ, ಸಂಬಳ ಕಮ್ಮಿ, ಆದ್ರೆ ವೇಟಿಂಗ್ ಲಿಸ್ಟ್ ಉದ್ದ ಇತ್ತು, ಗಂಟೆ ತುಂಬ್ತಾ ಹೋಯ್ತು.

ಸೂಪರ್ವೈಸರ್ ಎಲ್‌ಪಿಸಿ-ಎಸ್ (ಸೂಪರ್ವೈಸ್ ಮಾಡೋಕೆ ಅನುಮತಿ ಇರೋ ಎಲ್‌ಪಿಸಿ) ಇರ್ಬೇಕು, ತಿಂಗ್ಳಿಗೆ ಕನಿಷ್ಠ ನಾಲ್ಕು ಗಂಟೆ ಕೂರ್ಬೇಕು, ನಿಮ್ ಕಾರ್ಡಲ್ಲಿ, ಬಿಲ್ಲಲ್ಲಿ ಅವ್ರ ಹೆಸ್ರು ಇರ್ಬೇಕು. ಎಷ್ಟೋ ಜನ ಫೀಸ್ ಕಮ್ಮಿ ಇರೋರನ್ನ ಹುಡುಕ್ತಾರೆ. ನಾನು ಮೂರ್ನಾಲ್ಕು ಜನರ ಜೊತೆ ಮಾತಾಡಿ, ನಮ್ ಮನೆಗಳ ವಿಷ್ಯ ಬಂದಾಗ ತಿರುಗಿ ಪ್ರಶ್ನೆ ಕೇಳಿದವ್ರನ್ನೇ ಆರಿಸ್ಕೊಂಡೆ. ಒಂದ್ ಸಲ ನನ್ ಹತ್ರ ಬರ್ತಿದ್ದ ಒಬ್ಬ ಸೊಸೆಯ ಟ್ರೀಟ್‌ಮೆಂಟ್ ಪ್ಲಾನಲ್ಲಿ "ಅತ್ತೆ ಜೊತೆ ಬೌಂಡರಿ" ಅಂತ ಒಂದು ಗುರಿ ಬರ್ದಿದ್ದೆ (ವಿವರ ಎಲ್ಲಾ ಬದಲಾಯಿಸಿದೀನಿ). ಮೇಡಂ ಪೆನ್ನಲ್ಲಿ ಅದ್ರ ಕೆಳಗೆ ಗೆರೆ ಎಳ್ದು, "ಅತ್ತೆ ಆರು ತಿಂಗ್ಳು ಒಂದೇ ಮನೇಲಿ ಇರ್ತಾರೆ ಅಂದ್ರಿ, ಡ್ರೈವಿಂಗ್ ಬರಲ್ಲ ಅಂದ್ರಿ, ಹಾಗಾದ್ರೆ ಮಂಗಳವಾರ ಸಂಜೆ ಆ ಅಡುಗೆಮನೇಲಿ ಏನಾಗುತ್ತೆ?" ಅಂದ್ರು. ಇಬ್ರೂ ಕೂತು ಅದನ್ನ ಬಿಡಿಸಿದ್ವಿ. ಕೊನೆಗೆ ಬರೆದಿದ್ದು, ವಾರದಲ್ಲಿ ಎರಡು ಸಂಜೆ ಅಡುಗೆ ನಾನೇ ಮಾಡ್ತೀನಿ ಅಂತ ಸೊಸೆ ಗಂಡನ ಎದುರಿಗೇ ಅತ್ತೆಗೆ ಹೇಳೋದು, ಆಗ ಎದೆ ಎಷ್ಟು ಹೊಡ್ಕೊಳ್ತು ಅಂತ ಹತ್ತಕ್ಕೆ ನಂಬರ್ ಕೊಡೋದು. ಅಮೆರಿಕದ ಹೆಂಗಸು, ನಮ್ ಮನೆ ಪದ್ಧತಿನ ತಪ್ಪು ಅನ್ಲಿಲ್ಲ, ಬೇರೆ ಮನೆ ಮಾಡ್ಲಿ ಅಂತಾನೂ ಅನ್ಲಿಲ್ಲ. ಇಂಥವ್ರು ಸಿಕ್ಕಿದ್ರೆ ಫೀಸ್ ಜಾಸ್ತಿ ಆದ್ರೂ ಬಿಡ್ಬೇಡಿ.

ಫುಲ್ ಲೈಸೆನ್ಸ್ ಬಂದ್ಮೇಲೆ ನಂಗೆ ತುಂಬ ಸಂಕಟ ಆಗೋದು ಒಂದೇ. ಕನ್ನಡದಲ್ಲಿ ಮಾತಾಡೋ ಕೌನ್ಸೆಲರ್ ಬೇಕು ಅಂತ ನ್ಯೂಜೆರ್ಸಿಯಿಂದ, ಸಿಯಾಟಲಿಂದ ಫೋನ್ ಬರುತ್ತೆ, ಸೆಷನ್ ಹೊತ್ತಿಗೆ ಕ್ಲೈಂಟ್ ಯಾವ ಸ್ಟೇಟಲ್ಲಿ ಕೂತಿರ್ತಾರೋ ಆ ಸ್ಟೇಟಿನ ಲೈಸೆನ್ಸ್ ಬೇಕು, ಜೂಮ್ ಆದ್ರೂ ಅಷ್ಟೇ. ಅಮ್ಮನ ಹತ್ರ ಇಂಗ್ಲಿಷಲ್ಲಿ ಜಗಳ ಆಡಿರದವ್ರು ಆ ಜಗಳನ ಇಂಗ್ಲಿಷಲ್ಲಿ ಹೇಗ್ ಹೇಳ್ಬೇಕು? ಅವ್ರ ಊರಲ್ಲಿ ಯಾರಾದ್ರೂ ಕನ್ನಡದವ್ರು ಇದಾರಾ ಅಂತ ಹುಡುಕಿ ಕೊಡ್ತೀನಿ, ಎಷ್ಟೋ ಸಲ ಸಿಗಲ್ಲ. ಅದಕ್ಕೇ ಇನ್ನೂ ಜನ ಈ ಕೆಲ್ಸಕ್ಕೆ ಬರ್ಲಿ ಅಂತ ನಂಗೆ ಆಸೆ.

ಬರೋರು ಗಂಟೆ ಲೆಕ್ಕನ ತಿಂಗ್ಳ ತಿಂಗ್ಳ ಸೂಪರ್ವೈಸರ್ ಸೈನ್ ಹಾಕ್ಸಿ ನಿಮ್ ಹತ್ರಾನೂ ಒಂದ್ ಕಾಪಿ ಇಟ್ಕೊಳ್ಳಿ, ಅವ್ರು ರಿಟೈರ್ ಆಗ್ಬಹುದು, ಕ್ಲಿನಿಕ್ ಮುಚ್ಚಬಹುದು. ಡೈರೆಕ್ಟು ಇನ್‌ಡೈರೆಕ್ಟು ಬೇರೆ ಬೇರೆ ಕಾಲಮ್ಮಲ್ಲಿ ಬರೀರಿ, ಯಾಕಂದ್ರೆ ಕ್ಯಾಲಿಫೋರ್ನಿಯಾ 3000ದಲ್ಲಿ 1750 ಡೈರೆಕ್ಟ್ ಕೇಳುತ್ತೆ, ವರ್ಜೀನಿಯಾ 3400ರಲ್ಲಿ 2000 ಕೇಳುತ್ತೆ, ಶಿಫ್ಟ್ ಆಗೋ ಸಾಧ್ಯತೆ ಇದ್ರೆ 1500ಕ್ಕೆ ನಿಲ್ಲಿಸ್ಬೇಡಿ.