‘ನರ್ವಸ್ ಕಂಡಿಷನ್ಸ್’ ಕಾದಂಬರಿಯನ್ನು ಅಭ್ಯಾಸ ಮಾಡುವ ಬಗೆ

ಜಿಂಬಾಬ್ವೆಯ ತ್ಸಿತ್ಸಿ ದಂಗರೆಂಬ್ಗಾ ಅವರ ಈ ಕಾದಂಬರಿಯನ್ನು (1988) ಮೊದಲ ಸಲ ಓದುವಾಗ ಟಿಪ್ಪಣಿಯ ಗೊಡವೆ ಬೇಡ. ಅಣ್ಣ ನ್ಹಾಮೊ ಸತ್ತದ್ದಕ್ಕೆ ತನಗೆ ದುಃಖವಾಗಲಿಲ್ಲವೆಂದೇ ನಿರೂಪಕಿ ತಂಬು ಕಥೆಯನ್ನು ಆರಂಭಿಸುವುದೇಕೆ ಎಂಬ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಎರಡನೆಯ ಓದಿಗೆ ಮುನ್ನ ಕುಟುಂಬದ ವಂಶವೃಕ್ಷವನ್ನು ಬರೆದುಕೊಳ್ಳಿ. ಶೋನಾ ಭಾಷೆಯ ‘ಬಾಬಾಮುಕುರು’, ‘ಮೈಗುರು’ ಎಂಬವು ಅಂಕಿತನಾಮಗಳಲ್ಲ, ಸಂಬಂಧವಾಚಕಗಳು. ನಮ್ಮ ದೊಡ್ಡಪ್ಪ, ದೊಡ್ಡಮ್ಮ ಎಂಬ ಮಾತುಗಳು ಇವಕ್ಕೆ ಸಹಜವಾಗಿ ಹೊಂದುವುದರಿಂದ, ಆ ಮನೆಯ ಯಜಮಾನಿಕೆ ಕನ್ನಡದ ಓದುಗರಿಗೆ ಬೇಗನೆ ಮನದಟ್ಟಾಗುತ್ತದೆ.

ಆಮೇಲೆ ಹಣದ ಜಾಡು ಹಿಡಿಯಿರಿ. ಶಾಲೆಯ ಶುಲ್ಕಕ್ಕಾಗಿ ತಂಬು ಬೆಳೆದ ಮೆಕ್ಕೆಜೋಳದ ತೆನೆಗಳನ್ನು ಅಣ್ಣನೇ ಕದ್ದು ಹಂಚುತ್ತಾನೆ. ಉಮ್ತಾಲಿ ಪಟ್ಟಣದಲ್ಲಿ ಬಿಳಿಯ ಹೆಂಗಸೊಬ್ಬಳು ಅವಳ ಶುಲ್ಕಕ್ಕೆಂದು ಕೊಟ್ಟ 10 ಪೌಂಡು ಮುಖ್ಯೋಪಾಧ್ಯಾಯರ ವಶದಲ್ಲಿದ್ದಾಗ ಅದು ತನಗೆ ಸೇರಬೇಕೆಂದು ತಂದೆ ವಾದಿಸುತ್ತಾನೆ. ಸ್ನಾತಕೋತ್ತರ ಪದವಿ ಪಡೆದ ಮೈಗುರುವಿಗೂ ತನ್ನ ಸಂಬಳದ ಮೇಲೆ ಹಕ್ಕಿಲ್ಲ. ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಬರೆದ ಉತ್ತರವು, ವಸಾಹತುಶಾಹಿಯ ಬಗೆಗಿನ ಸಾಮಾನ್ಯ ಪೀಠಿಕೆಗಿಂತ ಎಷ್ಟೋ ಮೇಲು.

ಇತಿಹಾಸಕ್ಕೆ ಅರ್ಧ ಪುಟ ಸಾಕು: 1965ರಲ್ಲಿ ರೊಡೇಷಿಯಾದ ಬಿಳಿಯರ ಸರ್ಕಾರವು ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು, 1980ರಲ್ಲಿ ಆ ದೇಶ ಜಿಂಬಾಬ್ವೆಯಾಯಿತು.

ಬಾಬಾಮುಕುರುವಿನ ಮಗಳು ನ್ಯಾಶಾ ಊಟ ತೊರೆಯುವುದನ್ನು ಬರೀ ಕಾಯಿಲೆಯೆಂದು ಬರೆದು ಮುಗಿಸಬೇಡಿ. ಅವಳು ಇತಿಹಾಸದ ಪುಸ್ತಕವನ್ನು ಹಲ್ಲಿನಿಂದ ಹರಿಯುವ ದೃಶ್ಯವನ್ನೂ, ಆಫ್ರಿಕನ್ನರಿಗೆ ಇಂಥ ಕಾಯಿಲೆ ಬರುವುದಿಲ್ಲವೆನ್ನುವ ಬಿಳಿಯ ಮನೋವೈದ್ಯನ ಮಾತನ್ನೂ ಒಟ್ಟಿಗೆ ಓದಿ.